ತೆರೆಯ ಮೇಲಿನ ಕ್ರಾಪು, ಭೀಮಸಮುದ್ರದ ಹೊಟ್ಟೆಯುರಿ!

ಚಿತ್ರದುರ್ಗದ ಕೋಟೆಯ ಕಲ್ಲಿಗೆ ಮಾತು ಬರುವಂತಿದ್ದರೆ ಒಂದು ಸಂಗತಿ ಖಂಡಿತ ಹೇಳುತ್ತಿತ್ತು. ಪಾಳೆಯಗಾರರ ಕಾಲದಲ್ಲಿ ಇಲ್ಲಿ ಕತ್ತಿ ಹಿರಿದವರು ಎಷ್ಟು ಜನವೋ, 1972ರ ಆಮೇಲೆ ಇಲ್ಲಿ ನಿಂತು ಬಾಚಣಿಗೆ ಹಿರಿದವರು ಅದರ ಹತ್ತು ಪಟ್ಟು!

ಕಾರಣ ನಿಮಗೆ ಗೊತ್ತೇ ಇದೆ. ಆ ವರ್ಷದ ಡಿಸೆಂಬರ್ ಕೊನೆಯಲ್ಲಿ ‘ನಾಗರಹಾವು’ ತೆರೆಗೆ ಬಂತು. ತ.ರಾ.ಸು. ಅವರ ಕಾದಂಬರಿಗಳು, ಪುಟ್ಟಣ್ಣ ಕಣಗಾಲ್ ಅವರ ನಿರ್ದೇಶನ, ನಮ್ಮದೇ ಕೋಟೆ ಕೊತ್ತಲ. ರಾಮಾಚಾರಿಯಾಗಿ ಬಂದ ಸಂಪತ್ ಕುಮಾರ್ ಎಂಬ ಹುಡುಗ ಒಂದೇ ಚಿತ್ರಕ್ಕೆ ವಿಷ್ಣುವರ್ಧನ್ ಆಗಿಬಿಟ್ಟ. ಜಲೀಲನಾಗಿ ಬಂದ ಇನ್ನೊಬ್ಬ ಹೊಸಬ ಅಂಬರೀಶ್. ದುರ್ಗದ ಸೀಮೆಯ ಹುಡುಗರು ಚಿತ್ರಮಂದಿರದ ಒಳಗೆ ಹೋದದ್ದು ಯಾರ ಯಾರ ಮಕ್ಕಳಾಗಿಯೋ, ಹೊರಗೆ ಬಂದದ್ದು ಮಾತ್ರ ಎಲ್ಲರೂ ರಾಮಾಚಾರಿಗಳಾಗಿ. ನಡಿಗೆ ಬಂತು. ಸಿಟ್ಟು ಬಂತು. ಹುಬ್ಬು ಗಂಟಿಕ್ಕೋದು ಬಂತು. ಬಾರದೇ ಹೋದದ್ದು ಒಂದೇ ಒಂದು. ಆ ದಟ್ಟನೆಯ ಕಪ್ಪು ಕೂದಲು!

ಅಪ್ಪನ ತಲೆಮಾರಿನವರು ಈ ಕಥೆ ಹೇಳುವಾಗ ಈಗಲೂ ಅವರ ಕೈ ತಾನಾಗಿಯೇ ತಲೆಗೆ ಹೋಗುತ್ತೆ. ಅಲ್ಲಿ ಈಗ ಏನಿದೆ, ಎಷ್ಟಿದೆ ಅನ್ನೋದು ಬೇರೆ ಮಾತು, ಬಿಡಿ.

ಎದುರು ಮನೆಯ ಹುಡುಗ

ಭೀಮಸಮುದ್ರ ಗೊತ್ತಲ್ಲ? ಚಿತ್ರದುರ್ಗ ತಾಲ್ಲೂಕಿನ ಊರು. ದೊಡ್ಡ ಕೆರೆ, ಅಡಿಕೆ ತೋಟ, ಅಡಿಕೆ ವ್ಯಾಪಾರಕ್ಕೆ ನಾಲ್ಕು ಜಿಲ್ಲೆಯಲ್ಲಿ ಹೆಸರು. ಸುತ್ತಲ ಗುಡ್ಡದ ಕಬ್ಬಿಣದ ಅದಿರಿನ ಕೆಂಪು ಧೂಳೂ ಈ ಕಡೆಯ ಜನಕ್ಕೆ ಹೊಸದಲ್ಲ. ಸುಗ್ಗಿ ಕಾಲದಲ್ಲಿ ಅಡಿಕೆ ಬೇಯಿಸುವ ಹಂಡೆಯ ಮುಂದೆ ನಿಂತ ಹುಡುಗನ ಕೈಗೆ ಚೊಗರಿನ ಬಣ್ಣ, ಕೂದಲಿಗೆ ಹೊಗೆಯ ವಾಸನೆ. ಸಂಜೆ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಕನ್ನಡಿ ಮುಂದೆ ನಿಂತಾಗಲೇ ನೋಡಿ ಅಸಲಿ ಸಂಕಟ ಶುರು.

ಇಂಥ ಊರುಗಳಲ್ಲಿ ಪ್ರತಿ ಬೀದಿಗೂ ಒಬ್ಬ ಇರುತ್ತಾನೆ. ಅವನು ಶಾಂಪೂ ಕಂಡವನಲ್ಲ. ಮೈಗೆ ಹಚ್ಚಿದ ಸೋಪನ್ನೇ ತಲೆಗೂ ಉಜ್ಜುತ್ತಾನೆ. ಕೆರೆಯಲ್ಲಿ ಮುಳುಗಿ ಎದ್ದು ನಾಯಿ ಮೈ ಕೊಡವಿದ ಹಾಗೆ ಒಂದು ಸಲ ತಲೆ ಕೊಡವಿದರೆ ಮುಗೀತು, ಕ್ರಾಪು ತಯಾರು! ಒತ್ತಿದರೆ ಸ್ಪ್ರಿಂಗಿನ ಹಾಗೆ ಮೇಲೆ ಬರುತ್ತೆ. ಬಸ್ಸಿನ ಕಿಟಕಿ ಪಕ್ಕ ಕೂತರೆ ಗಾಳಿಗೆ ಹಾರಿ ಮತ್ತೆ ಅದೇ ಜಾಗಕ್ಕೆ ಬಂದು ಕೂರುತ್ತೆ. ಪಕ್ಕದಲ್ಲಿ ಕೂತ ನಮ್ಮದು? ಕಿಟಕಿ ತೆಗೆದರೆ ನೆತ್ತಿಯ ಗುಟ್ಟು ಬಯಲಾಗುತ್ತೆ ಅಂತ, ಮೇ ತಿಂಗಳ ಸೆಖೆಯಲ್ಲೂ ಗಾಜು ಎಳೆದುಕೊಂಡು ಕೂರಬೇಕು.

‘ಕೂದಲಿದ್ದವಳು ಹೇಗೆ ಬೇಕಾದರೂ ತುರುಬು ಕಟ್ಟಿಯಾಳು’ ಅನ್ನೋ ಗಾದೆ ಹೆಂಗಸರಿಗೆ ಹೇಳಿದ್ದು. ಗಂಡಸರಿಗೆ ಯಾರೂ ಗಾದೆ ಕಟ್ಟಲಿಲ್ಲ. ಯಾಕಂದ್ರೆ ಗಂಡಸು ಈ ಹೊಟ್ಟೆಯುರಿಯನ್ನ ಬಾಯಿಬಿಟ್ಟು ಹೇಳೋದಿಲ್ಲ. ‘ಅವನ ಬೈಕ್ ನೋಡು’ ಅಂತಾನೆ, ‘ಅವನ ತೋಟ ನೋಡು’ ಅಂತಾನೆ. ‘ಅವನ ಕೂದಲು ನೋಡು, ನಂಗೆ ರಾತ್ರಿ ನಿದ್ದೆ ಬರಲ್ಲ’ ಅಂತ ಹೇಳಿದ ಒಬ್ಬ ಗಂಡಸನ್ನ ತೋರಿಸಿ ನೋಡೋಣ!

ಈ ಬರಹಗಾರನಿಗೆ ಇನ್ನೂ ಮೂವತ್ತು ತುಂಬಿಲ್ಲ. ಹಣೆ ಮಾತ್ರ ನಲವತ್ತು ದಾಟಿದೆ. ಆದ್ದರಿಂದ ಬಾಯಿಬಿಟ್ಟು ಹೇಳುವ ಕೆಲಸ ನಾನೇ ಮಾಡ್ತೀನಿ. ಹೌದು ಸ್ವಾಮೀ, ಹೊಟ್ಟೆ ಉರಿಯುತ್ತೆ. ಆದರೆ ಯಾವುದನ್ನ ನೋಡಿ ಉರೀತಾ ಇದೆ, ಅದು ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೊರಟಾಗ ಸಿಕ್ಕ ಕಥೆಯೇ ಬೇರೆ. ಅದನ್ನೇ ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ.

ಫ್ಯಾನು, ಲೈಟು, ಟೋಪನ್ನು

ಮೊದಲು ಬೆಳ್ಳಿತೆರೆಯ ಕೂದಲಿನ ಗುಟ್ಟು ನೋಡೋಣ. ನಾಯಕ ಗುಡ್ಡದ ಮೇಲೆ ನಿಂತಿದ್ದಾನೆ. ಕೂದಲು ಅಲೆ ಅಲೆಯಾಗಿ ಹಾರುತ್ತಿದೆ. ಎಷ್ಟೋ ಸಲ ಅದು ಗುಡ್ಡದ ಗಾಳಿಯಲ್ಲ. ಕ್ಯಾಮೆರಾ ಪಕ್ಕದಲ್ಲಿ ಇಟ್ಟ ದೊಡ್ಡ ಫ್ಯಾನಿನ ಗಾಳಿ. ಕೂದಲಿನ ಅಂಚಿಗೆ ಬಂಗಾರದ ಗೆರೆ ಎಳೆದ ಹಾಗೆ ಹೊಳೀತದಲ್ಲ, ಅದು ಹಿಂದಿನಿಂದ ಹಾಕಿದ ಲೈಟು. ಬ್ಯಾಕ್ ಲೈಟ್ ಅಂತಾರೆ. ಅದು ಬಿದ್ದರೆ ಇರುವ ಹತ್ತು ಎಳೆ ನೂರಾಗಿ ಕಾಣುತ್ತೆ. ಇನ್ನು ನಿಧಾನವಾಗಿ ಪುಟಿಯೋದು? ಚಿತ್ರ ಓಡುವ ವೇಗ ಸೆಕೆಂಡಿಗೆ 24 ಚೌಕಟ್ಟು. 48 ಚೌಕಟ್ಟಿನಲ್ಲಿ ಹಿಡಿದು 24ರಲ್ಲಿ ತೋರಿಸಿದರೆ ಯಾರ ಕೂದಲಾದರೂ ಅಲೆಯಾಗಿ ಏಳುತ್ತೆ, ಅಲೆಯಾಗಿ ಬೀಳುತ್ತೆ. ಪ್ರತಿ ಶಾಟಿಗೂ ಮೊದಲು ಬಾಚಣಿಗೆ ಹಿಡಿದು ಓಡಿ ಬರುವ ಕೇಶಾಲಂಕಾರದವರು ಬೇರೆ.

ಅವರಿಗೆಲ್ಲ ಇಷ್ಟು ಜನ. ನಮಗೆ? ಒಂದು ಕೈ, ಒಂದು ಬಾಚಣಿಗೆ, ಅಮ್ಮ ಹಚ್ಚಿದ ಕೊಬ್ಬರಿ ಎಣ್ಣೆ. ಕೊಬ್ಬರಿ ಎಣ್ಣೆ ಕೂದಲಿಗೆ ಒಳ್ಳೆಯದೇ. ಎಳೆ ಸವೆಯದಂತೆ ಕಾಪಾಡುತ್ತೆ. ಆದರೆ ಎಣ್ಣೆಯ ಭಾರಕ್ಕೆ ಕೂದಲು ತಲೆಗೆ ಅಂಟಿ ಮಲಗುತ್ತೆ. ಮಲಗಿದ ಕೂದಲು ಪುಟಿಯೋದು ಎಲ್ಲಿಂದ ಬರಬೇಕು!

ಇದೆಲ್ಲದರ ಮೇಲೆ ಟೋಪನ್ನು. ಹಳೇ ನಾಟಕ ಕಂಪನಿಗಳ ಮಾತು ಅದು. ಈಗ ವಿಗ್ಗು ಅಂತಾರೆ. ಕಂಪನಿ ನಾಟಕದಲ್ಲಿ ಹಗಲು ಅಡುಗೆ ಮನೆಯಲ್ಲಿ ಬಡಿಸಿದವನು ರಾತ್ರಿ ಟೋಪನ್ನು ಹಾಕಿಕೊಂಡರೆ ರಾಜ. ಆ ಕಂಪನಿಗಳಿಂದಲೇ ನಮ್ಮ ಚಿತ್ರರಂಗಕ್ಕೆ ನಟರು ಬಂದರು, ಅವರ ಜೊತೆ ಟೋಪನ್ನೂ ಬಂತು. ತೆರೆಯ ಮೇಲೆ ಕಂಡ ಎಷ್ಟು ಕ್ರಾಪು ತಲೆಯಲ್ಲಿ ಬೆಳೆದದ್ದು, ಎಷ್ಟು ಪೆಟ್ಟಿಗೆಯಲ್ಲಿ ಇಟ್ಟದ್ದು ಎಂದು ಲೆಕ್ಕ ಹಾಕಿದವರಿಲ್ಲ.

ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ಶಿವಾಜಿರಾವ್ ಗಾಯಕವಾಡ್ 1975ರಲ್ಲಿ ರಜನೀಕಾಂತ್ ಆಗಿ ತಮಿಳು ತೆರೆಗೆ ಹೋದರು. ಹಣೆ ಮೇಲೆ ಬಿದ್ದ ಕೂದಲನ್ನು ಕೈಯಲ್ಲಿ ಹಿಂದಕ್ಕೆ ತಳ್ಳುವ ಅವರ ಶೈಲಿ ನೋಡಿ ದಕ್ಷಿಣ ದೇಶದ ಹುಡುಗರೆಲ್ಲ ಇಲ್ಲದ ಕೂದಲನ್ನೂ ತಳ್ಳಿಕೊಂಡರು! ಅದೇ ರಜನಿ ವರ್ಷಗಳ ನಂತರ ವಿಗ್ಗಿಲ್ಲದೆ, ಬಣ್ಣವಿಲ್ಲದೆ, ಬಕ್ಕತಲೆಯಲ್ಲೇ ಸಭೆ ಸಮಾರಂಭಗಳಿಗೆ ಬಂದರು. ಸಿಳ್ಳೆ ಒಂದು ತೂಕವೂ ಕಡಿಮೆಯಾಗಲಿಲ್ಲ.

ಕೊಪ್ಪಳದ ದಾರಿ

ವಿಗ್ಗಿಗೆ ಕೂದಲು ಎಲ್ಲಿಂದ ಬರುತ್ತೆ? ಇದನ್ನ ಕೇಳಿದರೆ ನೀವು ಕೂತ ಜಾಗದಲ್ಲೇ ನಗುತ್ತೀರಿ.

ನಿಮ್ಮ ಬೀದಿಯಲ್ಲಿ ‘ಕೂದಲು ಇದ್ರೆ ಕೊಡ್ರಮ್ಮಾ’ ಅಂತ ಕೂಗಿಕೊಂಡು ಬರುವವರನ್ನ ನೋಡಿದ್ದೀರಿ. ಅಮ್ಮ, ಅಕ್ಕ, ಅತ್ತಿಗೆ ತಲೆ ಬಾಚಿದಾಗ ಬಾಚಣಿಗೆಗೆ ಸಿಕ್ಕ ಕೂದಲನ್ನ ಸುತ್ತಿ, ಗೋಡೆ ಸಂದಿನಲ್ಲೋ ಜಂತಿಯಲ್ಲೋ ಸಿಕ್ಕಿಸಿ ಇಟ್ಟಿರುತ್ತಾರೆ. ಅದನ್ನ ಕೊಟ್ಟರೆ ಪಿನ್ನು, ಪಾತ್ರೆ, ಇಲ್ಲ ಚಿಲ್ಲರೆ ಕಾಸು. ಹೀಗೆ ಊರೂರಿಂದ ಒಟ್ಟಾದ ಚಿಕ್ಕುಗೂದಲು ಹೋಗಿ ಸೇರುವ ದೊಡ್ಡ ಜಾಗಗಳಲ್ಲಿ ಒಂದು ನಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರ. ನೇಕಾರಿಕೆಗೂ ಹೆಸರಾದ ಊರು ಅದು. ಅಲ್ಲಿ ಮನೆಮನೆಯಲ್ಲಿ ಹೆಂಗಸರು ಕೂತು ಆ ಉಂಡೆಗಳನ್ನ ಬಿಡಿಸಿ, ಎಳೆ ಎಳೆ ಬೇರೆ ಮಾಡಿ, ತೊಳೆದು, ಉದ್ದದ ಪ್ರಕಾರ ಕಟ್ಟು ಕಟ್ಟುತ್ತಾರೆ. ಅಲ್ಲಿಂದ ಹೊರದೇಶಕ್ಕೆ, ವಿಗ್ಗಿನ ಕಾರ್ಖಾನೆಗೆ.

ಇನ್ನೊಂದು ದಾರಿ ದೇವರದ್ದು. ತಿರುಪತಿಯ ಕಲ್ಯಾಣಕಟ್ಟದಲ್ಲಿ ಭಕ್ತರು ಕೊಟ್ಟ ಮುಡಿಯನ್ನ ದೇವಸ್ಥಾನದವರು ಹರಾಜು ಹಾಕುತ್ತಾರೆ. ಅದೂ ವಿಗ್ಗಾಗಿ ಸಮುದ್ರ ದಾಟುತ್ತೆ. ಅಂದರೆ ಲೆಕ್ಕ ಹೀಗೆ ಬಂತು. ಯಾವುದೋ ಹಳ್ಳಿಯ ತಾಯಿ ಮಗನಿಗೆ ಒಳ್ಳೆಯದಾಗಲಿ ಎಂದು ತಲೆ ಬೋಳಿಸಿಕೊಂಡಳು. ಆ ಕೂದಲು ವಿಗ್ಗಾಗಿ ಯಾವುದೋ ನಟನ ತಲೆ ಏರಿತು. ಆ ನಟನನ್ನ ತೆರೆಯ ಮೇಲೆ ನೋಡಿ ಅದೇ ಮಗ ‘ನಂಗೆ ಇಂಥ ಕೂದಲಿಲ್ಲವಲ್ಲ’ ಎಂದು ಕೊರಗಿದ! ಯಾರ ತಲೆಯ ಮೇಲೆ ಯಾವ ಊರಿನ ಕೂದಲು ಕೂತಿದೆಯೋ, ಹೇಳುವವರು ಯಾರು?

ಬೇರಿನ ಕಥೆ

ಸರಿ, ಬೆಳ್ಳಿತೆರೆಯದು ಮಾಯೆ ಅಂತಾಯ್ತು. ಎದುರು ಮನೆ ಹುಡುಗನದು? ಅದು ಅಸಲಿ ಮಾಲು. ಅವನಿಗೆ ಯಾಕೆ ಬಂತು, ನಮಗೆ ಯಾಕೆ ಬರಲಿಲ್ಲ?

ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲು. ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತೆ. ಒಂದೊಂದು ಎಳೆಯೂ 2ರಿಂದ 6 ವರ್ಷ ಬೆಳೆದು, ಆಮೇಲೆ ಎರಡು ಮೂರು ತಿಂಗಳು ಸುಮ್ಮನಿದ್ದು, ಉದುರುತ್ತೆ. ಅದೇ ಗುಂಡಿಯಿಂದ ಹೊಸದು ಹುಟ್ಟುತ್ತೆ. ದಿನಕ್ಕೆ 50ರಿಂದ 100 ಕೂದಲು ಉದುರೋದು ಎಲ್ಲರಿಗೂ ಇದ್ದದ್ದೇ. ಸ್ನಾನದ ಮನೆಯಲ್ಲಿ ನಾಲ್ಕು ಎಳೆ ಕಂಡ ಕೂಡಲೇ ಜೀವವೇ ಹೋಯ್ತು ಅಂತ ಕೂರಬೇಕಾಗಿಲ್ಲ.

ಕೂದಲು ಗುಂಗುರೋ ನೆಟ್ಟಗೋ, ದಪ್ಪವೋ ಸಣ್ಣವೋ ಅನ್ನೋದು ಚರ್ಮದೊಳಗಿನ ಆ ಗುಂಡಿಯ ಆಕಾರದ ಮೇಲೆ ಹೋಗುತ್ತೆ. ಗುಂಡಿ ದುಂಡಗೆ, ನೆಟ್ಟಗೆ ಇದ್ದರೆ ಕೂದಲು ನೆಟ್ಟಗೆ. ಚಪ್ಪಟೆಯಾಗಿ ಬಾಗಿದ್ದರೆ ಗುಂಗುರು. ನೆಟ್ಟನೆ ಕೂದಲಲ್ಲಿ ನೆತ್ತಿಯ ಜಿಡ್ಡು ಸಲೀಸಾಗಿ ಕೆಳಗೆ ಇಳಿದು ಕೂದಲು ಒಟ್ಟಿಗೆ ಅಂಟುತ್ತೆ. ಗುಂಗುರಲ್ಲಿ ಇಳಿಯೋದು ಕಷ್ಟ, ಎಳೆಗಳು ಒಂದನ್ನೊಂದು ದೂರ ನೂಕುತ್ತವೆ. ಅದಕ್ಕೇ ತಲೆ ತುಂಬಿದ ಹಾಗೆ ಕಾಣುತ್ತೆ, ಅದಕ್ಕೇ ಪುಟಿಯುತ್ತೆ. ಇದರಲ್ಲಿ ಆ ಹುಡುಗ ಮಾಡಿದ ಸಾಧನೆ ಏನು? ಸೊನ್ನೆ! ಅವನ ಅಪ್ಪ ಅಮ್ಮ ಕೊಟ್ಟರು, ಅವನು ಹೊತ್ತುಕೊಂಡು ತಿರುಗುತ್ತಾನೆ, ಅಷ್ಟೇ.

ಬೋಳಾಗುವುದೂ ಹೀಗೇ. ಗಂಡು ಹಾರ್ಮೋನಿನಿಂದ ಹುಟ್ಟುವ ಡಿ.ಎಚ್.ಟಿ. ಎಂಬ ವಸ್ತುವಿಗೆ ಕೆಲವರ ನೆತ್ತಿಯ ಗುಂಡಿಗಳು ಸೋಲುತ್ತವೆ. ಪ್ರತಿ ಸುತ್ತಿನಲ್ಲೂ ಕೂದಲು ಸಣ್ಣದಾಗುತ್ತಾ, ಕೊನೆಗೆ ಕಣ್ಣಿಗೆ ಕಾಣದ ನವಿರಾಗುತ್ತೆ. ಗಂಡು ಹಾರ್ಮೋನು ಇಲ್ಲದೆ ಈ ಬೋಳು ಬರೋದಿಲ್ಲ ಎಂದು 1942ರಲ್ಲೇ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ತೋರಿಸಿಕೊಟ್ಟರು. ಹಾಗಂತ ಬೋಳಾದವನಿಗೆ ಗಂಡಸುತನ ಹೆಚ್ಚು ಅಂತ ಮೀಸೆ ತಿರುವಬೇಡಿ. ಹಾರ್ಮೋನು ಎಲ್ಲರಲ್ಲೂ ಹೆಚ್ಚು ಕಡಿಮೆ ಅಷ್ಟೇ. ಅದಕ್ಕೆ ಸೋಲುವ ಗುಣ ಮಾತ್ರ ವಂಶದಿಂದ ಬರುತ್ತೆ. ಅಪ್ಪನ ಕಡೆಯಿಂದಲೂ ಬರುತ್ತೆ. ಆದರೆ ಮುಖ್ಯವಾದ ಒಂದು ಅಂಶ ತಾಯಿಯಿಂದ ಬರುವ ಎಕ್ಸ್ ವರ್ಣತಂತುವಿನಲ್ಲಿದೆ. ಹಾಗಾಗಿ ‘ಸೋದರಮಾವನ ತಲೆ ನೋಡು’ ಎಂಬ ಹಳ್ಳಿ ಮಾತು ಪೂರಾ ನಿಜವಲ್ಲ, ಪೂರಾ ಸುಳ್ಳೂ ಅಲ್ಲ.

ಬೋರ್‌ವೆಲ್ ನೀರಿನಿಂದ ಬೋಳಾಯ್ತು, ಹೆಲ್ಮೆಟ್ ಹಾಕಿ ಬೋಳಾಯ್ತು ಅಂತ ನಮ್ಮ ಕಡೆ ಹೇಳ್ತಾರೆ. ಗಡಸು ನೀರಿಗೆ ಕೂದಲು ಒರಟಾಗಬಹುದು. ಬೇರು ಹೋಗಲ್ಲ. ದೊಡ್ಡ ಜ್ವರ ಬಂದು ಹೋದ ಎರಡು ಮೂರು ತಿಂಗಳಿಗೆ ಗೊಂಚಲು ಗೊಂಚಲು ಉದುರೋದುಂಟು, ಅದು ಮತ್ತೆ ಬರುತ್ತೆ. ರಕ್ತದಲ್ಲಿ ಕಬ್ಬಿಣ ಕಡಿಮೆಯಾದರೂ ಉದುರುತ್ತೆ. ಕಬ್ಬಿಣದ ಅದಿರಿನ ಗುಡ್ಡದ ಕೆಳಗೆ ಇದ್ದ ಮಾತ್ರಕ್ಕೆ ರಕ್ತಕ್ಕೆ ಕಬ್ಬಿಣ ಬರಲ್ಲ, ಸೊಪ್ಪು ಕಾಳು ತಿನ್ನಬೇಕು!

ಎಣ್ಣೆ ಮಾರುವವನ ಜಡೆ

ಈ ಹೊಟ್ಟೆಯುರಿಗೆ ಕಾಸು ಮಾಡಿಕೊಳ್ಳುವವರು ಸುಮ್ಮನಿರುತ್ತಾರೆಯೇ? ಹಿಂದೆ ಸಂತೆಯಲ್ಲಿ ಹಾವು ಮುಂಗುಸಿ ಇಟ್ಟು ಎಣ್ಣೆ ಮಾರುತ್ತಿದ್ದರು. ಈಗ ಸಂತೆ ನಮ್ಮ ಜೇಬಿನ ಮೊಬೈಲಿಗೇ ಬಂದಿದೆ. ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ಗಿಡಮೂಲಿಕೆ ಎಣ್ಣೆ ಮೊಬೈಲ್ ವಿಡಿಯೋಗಳಿಂದಲೇ ದೇಶದ ಉದ್ದಗಲಕ್ಕೂ ಹೆಸರಾಯ್ತು. ಆ ವಿಡಿಯೋಗಳಲ್ಲಿ ಗಂಡಸರ ಜಡೆಯೇ ಸೊಂಟಕ್ಕೆ ಬರುತ್ತೆ. ನೋಡಿದರೆ ಯಾರಿಗೆ ಆಸೆಯಾಗಲ್ಲ ಹೇಳಿ? ಕಾಡು ಬಿಟ್ಟು ಬಂದ ಜನ ದುಡಿದು ತಿನ್ನುವುದಕ್ಕೆ ಕಲ್ಲು ಹಾಕುವ ಮನಸ್ಸು ನನಗಿಲ್ಲ. ಒಂದು ಲೆಕ್ಕ ಮಾತ್ರ ಹೇಳ್ತೀನಿ. ಮಾರುವವನ ಜಡೆ ಮಾರುವವನ ವಂಶಕ್ಕೆ ಸಾಕ್ಷಿ. ನಿಮ್ಮ ನೆತ್ತಿಗೆ ಅದು ಸಾಕ್ಷಿಯಲ್ಲ.

ಕಾನೂನೂ ಇದೆ. 1945ರ ಔಷಧ ಮತ್ತು ಕಾಂತಿವರ್ಧಕ ನಿಯಮಗಳಲ್ಲಿ ಒಂದು ಪಟ್ಟಿಯಿದೆ. ಅದರಲ್ಲಿರುವ ತೊಂದರೆಗಳನ್ನು ವಾಸಿ ಮಾಡುತ್ತೇನೆಂದು ಯಾವ ಔಷಧಿಯೂ ಹೇಳಿಕೊಳ್ಳುವಂತಿಲ್ಲ. ಬೋಳುತಲೆ ಆ ಪಟ್ಟಿಯಲ್ಲೇ ಇದೆ. ಆದರೂ ಬಸ್ ಸ್ಟ್ಯಾಂಡಿನ ಗೋಡೆ ನೋಡಿ, ‘ಮೂರು ತಿಂಗಳಲ್ಲಿ ಗ್ಯಾರಂಟಿ’!

ಹಾಗಾದರೆ ನಿಜವಾದ ಮದ್ದು ಇಲ್ಲವೇ? ಇದೆ, ಮಿತಿಯಲ್ಲಿ. ಮಿನಾಕ್ಸಿಡಿಲ್ ಎಂಬುದು ಮೊದಲು ರಕ್ತದೊತ್ತಡದ ಮಾತ್ರೆ. ತಿಂದವರ ಮೈಮೇಲೆ ಕೂದಲು ಹುಟ್ಟಿದ್ದು ನೋಡಿ ಅದನ್ನ ತಲೆಗೆ ಹಚ್ಚುವ ದ್ರವ ಮಾಡಿದರು. 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಫಿನಾಸ್ಟರೈಡ್ ಎಂಬ ಮಾತ್ರೆಗೆ 1997ರಲ್ಲಿ. ಎರಡೂ ಕೆಲವರಿಗೆ ನಾಟುತ್ತವೆ, ಬಿಟ್ಟರೆ ಮತ್ತೆ ಉದುರುತ್ತೆ. ಅಡ್ಡ ಪರಿಣಾಮಗಳೂ ಉಂಟು. ಚರ್ಮದ ಡಾಕ್ಟರನ್ನ ಕೇಳದೆ ಮುಟ್ಟಬಾರದು.

ಇನ್ನು ಕೂದಲು ನಾಟಿ. ನಮ್ಮ ತೋಟದವರಿಗೆ ಇದು ಬೇಗ ಅರ್ಥವಾಗುತ್ತೆ. ಹಿಂದಲೆಯ ಕೂದಲಿಗೆ ಆ ಡಿ.ಎಚ್.ಟಿ.ಯ ಕಾಟ ಕಡಿಮೆ. ಅದನ್ನ ಬೇರುಸಹಿತ ತೆಗೆದು ಮುಂದಲೆಯಲ್ಲಿ ನೆಟ್ಟರೆ ಅಲ್ಲೂ ತನ್ನ ಗುಣ ಬಿಡಲ್ಲ ಎಂದು ನ್ಯೂಯಾರ್ಕಿನ ಡಾಕ್ಟರ್ ನಾರ್ಮನ್ ಒರೆಂಟ್ರೈಕ್ 1959ರಲ್ಲಿ ಬರೆದು ತೋರಿಸಿದರು. ಇದು ಹೊಸ ಬೆಳೆಯಲ್ಲ. ಒಂದು ಮಡಿಯ ಸಸಿ ಕಿತ್ತು ಇನ್ನೊಂದು ಮಡಿಗೆ ಹಾಕಿದ ಹಾಗೆ. ಇರುವುದೇ ಅಷ್ಟು ಸಸಿ.

ಕೇಳಲು ಸುಲಭ. ಆದರೆ 2016ರಲ್ಲಿ ಚೆನ್ನೈನಲ್ಲಿ ಏನಾಯ್ತು? ವೈದ್ಯಕೀಯ ಓದುತ್ತಿದ್ದ ಹುಡುಗ, ವಯಸ್ಸು 22. ಕೂದಲು ನಾಟಿ ಮಾಡಿಸಲು ಹೋದ. ಹೆಣವಾದ. ಡಾಕ್ಟರಾಗಬೇಕಿದ್ದವನೇ ಸಿಕ್ಕಿಬಿದ್ದ ಬಲೆ ಅದು! 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಇಂಥ ಶಸ್ತ್ರಚಿಕಿತ್ಸೆಯನ್ನ ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕು, ವಿಡಿಯೋ ನೋಡಿ ಕಲಿತರೆ ಸಾಲದು ಎಂದು ಮಾರ್ಗಸೂಚಿ ಹೊರಡಿಸಿತು. ಕಡಿಮೆ ರೇಟು ಅಂತ ಸಲೂನಿನ ಹಿಂದಿನ ಕೋಣೆಗೆ ಹೋಗುವ ಮೊದಲು ಆ ಹುಡುಗನನ್ನ ಒಂದು ಸಲ ನೆನೆಯಿರಿ.

ಬೋಳು ಅಂದ್ರೆ ಕೇಡಿ?

ಹುಡುಗರು ಇಷ್ಟು ಅಪಾಯಕ್ಕೆ ತಲೆ ಒಡ್ಡುವುದೇಕೆ? ಹೆಣ್ಣು ನೋಡಲು ಹೋದಾಗ ಮೊದಲು ಕಣ್ಣು ಬೀಳೋದು ನೆತ್ತಿಗೆ, ಆಮೇಲೆ ಪಹಣಿಗೆ. ಹಳ್ಳಿಯಲ್ಲಿ ಬೇಸಾಯ ಮಾಡುವ ಹುಡುಗನಿಗೆ ಹೆಣ್ಣು ಸಿಗೋದೇ ಕಷ್ಟವಾಗಿದೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ಹುಡುಗರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಹೊರಟರು. ಅಂಥದ್ದರಲ್ಲಿ ಮುಂದಲೆಯೂ ಖಾಲಿ ಅಂದರೆ ಆ ಹುಡುಗನ ಸಂಕಟ ನಗುವ ಮಾತಲ್ಲ.

ಇದರಲ್ಲಿ ಸಿನಿಮಾದ ಪಾಲೂ ಇದೆ, ಒಪ್ಪಿಕೊಳ್ಳಬೇಕು. ನಾಯಕನಿಗೆ ಕೂದಲು, ಖಳನಿಗೆ ಬೋಳು ಎಂದು ಹಂಚಿದವರು ಯಾರು? ಹಿಂದಿ ಚಿತ್ರಗಳಲ್ಲಿ ಹೊಳೆಯುವ ತಲೆಯ ಕೇಡಿಯಾಗಿ ಹೊಡೆತ ತಿಂದ ಎಂ.ಬಿ. ಶೆಟ್ಟಿ ನಮ್ಮ ಮಂಗಳೂರು ಕಡೆಯವರು. 1980ರ ‘ಶಾನ್’ ಚಿತ್ರದ ಶಾಕಾಲ್ ನೆನಪಿದೆಯಲ್ಲ? ಅದೂ ಬೋಳು. ಖಳನಲ್ಲದಿದ್ದರೆ ಹಾಸ್ಯಗಾರ. ಬಕ್ಕತಲೆಗೆ ಒಂದು ಏಟು, ಚಿತ್ರಮಂದಿರಕ್ಕೆ ಒಂದು ನಗು. ಅಮೆರಿಕದಲ್ಲಿ ಯೂಲ್ ಬ್ರಿನ್ನರ್ ಬೋಳುತಲೆಯಲ್ಲೇ ರಾಜನ ಪಾತ್ರ ಮಾಡಿ 1956ರ ಚಿತ್ರಕ್ಕೆ ಆಸ್ಕರ್ ಗೆದ್ದ. ನಮ್ಮಲ್ಲಿ ಅದಕ್ಕೆ ಅರವತ್ತು ವರ್ಷ ಕಾಯಬೇಕಾಯ್ತು.

2017ರ ಜುಲೈಯಲ್ಲಿ ‘ಒಂದು ಮೊಟ್ಟೆಯ ಕಥೆ’ ಬಂತು. ಬರೆದವರು, ನಿರ್ದೇಶಿಸಿದವರು, ನಾಯಕ ಮೂರೂ ರಾಜ್ ಬಿ. ಶೆಟ್ಟಿ. ಮಂಗಳೂರಿನ ಕನ್ನಡ ಮೇಷ್ಟ್ರು ಜನಾರ್ದನ, ವಯಸ್ಸು 28, ಕೂದಲು ಹೋಗಿದೆ, ಹೆಣ್ಣು ಸಿಕ್ಕಿಲ್ಲ. ವಿಗ್ಗಿಲ್ಲ, ಬ್ಯಾಕ್ ಲೈಟಿನ ಕ್ರಾಪಿಲ್ಲ. ಜನ ನಕ್ಕರು. ಆಮೇಲೆ ನಗು ಗಂಟಲಲ್ಲಿ ನಿಂತಿತು. ಹಿಂದಿಯವರು 2019ರಲ್ಲಿ ಅದನ್ನೇ ‘ಉಜಡಾ ಚಮನ್’ ಎಂದು ಮಾಡಿದರು. ಅದೇ ರಾಜ್ ಶೆಟ್ಟಿ 2021ರ ‘ಗರುಡ ಗಮನ ವೃಷಭ ವಾಹನ’ದಲ್ಲಿ ಶಿವ ಆಗಿ ಹೆದರಿಸಿದರು. 2023ರ ‘ಸ್ವಾತಿ ಮುತ್ತಿನ ಮಳೆ ಹನಿಯೇ’ಯಲ್ಲಿ ಪ್ರೇಮಿಯಾದರು. ಕೂದಲಿನ ಲೆಕ್ಕ ಯಾರೂ ಕೇಳಲಿಲ್ಲ.

ಆ ಮೊಟ್ಟೆ ಮೇಷ್ಟ್ರು ಯಾರ ಅಭಿಮಾನಿ ಗೊತ್ತೇ? ಬೇರೆ ಯಾರು, ಅಣ್ಣಾವ್ರದ್ದು!

ಅಣ್ಣಾವ್ರ ತಲೆ

ಅಭಿಮಾನಿ ದೇವರುಗಳೇ, ಇಲ್ಲಿ ಸ್ವಲ್ಪ ನಿಲ್ಲೋಣ. ನಾಗರಹಾವು ಬಂದ ಅದೇ 1972ರಲ್ಲಿ ‘ಬಂಗಾರದ ಮನುಷ್ಯ’ವೂ ಬಂದಿತ್ತು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದನ್ನ ನೋಡಿ ಪೇಟೆ ಸೇರಿದ್ದ ಹುಡುಗರು ಹೊಲ ಮಾಡಲು ಊರಿಗೆ ಮರಳಿದರು ಎಂಬ ಮಾತು ಇವತ್ತಿಗೂ ಇದೆ. ರಾಜೀವಪ್ಪನ ಕ್ರಾಪು ನೋಡಿ ಮರಳಿದರೇ? ಇಲ್ಲ. ಕ್ರಾಪು ಯಾರಿಗೂ ನೆನಪಿಲ್ಲ.

ತೆರೆಯ ಮೇಲೆ ಡಾ. ರಾಜ್‌ಕುಮಾರ್ ವಿಗ್ಗು ಹಾಕುತ್ತಿದ್ದರು ಅನ್ನೋದು ನಾಡಿಗೇ ಗೊತ್ತಿದ್ದ ಗುಟ್ಟು. ಅವರೂ ಮುಚ್ಚಿಡಲಿಲ್ಲ. ಬಣ್ಣ ತೊಳೆದ ಮೇಲೆ ಬಿಳಿ ಪಂಚೆ, ಬಿಳಿ ಅಂಗಿ, ಬಕ್ಕತಲೆ. ಕೊನೆಯ ವರ್ಷಗಳಲ್ಲಿ ಸಭೆಗಳಿಗೆ ಹಾಗೇ ಬಂದರು, ಹಾಗೇ ಕೈ ಮುಗಿದರು. ಲಕ್ಷ ಜನ ಎದ್ದು ನಿಂತರು. 2006ರ ಏಪ್ರಿಲ್ 12ರಂದು ಅವರು ಹೋದಾಗ ಅತ್ತವರು ಯಾರ ಕೂದಲಿಗೂ ಅತ್ತದ್ದಲ್ಲ. ವಿಗ್ಗು ಪಾತ್ರದ್ದು, ತಲೆ ನನ್ನದು ಎಂಬ ವಿವೇಕ ಆ ಮನುಷ್ಯನಿಗಿತ್ತು. ರೋಮ್ ಸಾಮ್ರಾಜ್ಯ ಆಳಿದ ಜೂಲಿಯಸ್ ಸೀಸರ್‌ಗೂ ಇರಲಿಲ್ಲ ಕಣ್ರೀ! ಬೋಳುತಲೆ ಮುಚ್ಚುತ್ತೆ ಅಂತ ಎಲೆಯ ಕಿರೀಟವನ್ನ ಆತ ಸದಾ ಹಾಕಿಕೊಂಡಿರುತ್ತಿದ್ದ ಎಂದು ಅಲ್ಲಿನ ಚರಿತ್ರಕಾರ ಬರೆದಿಟ್ಟಿದ್ದಾನೆ.

ಅಡಿಕೆ ಮರ ನೋಡಿ. ಅದಕ್ಕೂ ತಲೆ ತುಂಬ ಗರಿ, ಗಾಳಿ ಬಂದರೆ ಒಳ್ಳೇ ಕ್ರಾಪಿನ ಹಾಗೆ ತೂಗುತ್ತೆ. ಅದರ ಸುಳಿ ಕೊಳೆತರೆ ಮರ ಹೋಯ್ತು, ತೋಟದವನು ಎದೆ ಬಡಿದುಕೊಳ್ಳುವುದರಲ್ಲಿ ಅರ್ಥವಿದೆ. ಮನುಷ್ಯನಿಗೆ ನೆತ್ತಿಯ ಗರಿ ಉದುರಿದರೆ ಕೈ ಕಾಲು ಹೋಗಲ್ಲ, ಬುದ್ಧಿ ಹೋಗಲ್ಲ, ದುಡಿಮೆ ಹೋಗಲ್ಲ.

ಆನಗೋಡಿನ ಹತ್ತಿರ

ಕೊನೆಯದಾಗಿ ಒಂದು ಮಾತು. ಇದನ್ನ ನಗುತ್ತಾ ಬರೆಯಲಾಗದು.

ನಮ್ಮ ಕಡೆಯ ಹುಡುಗರು ವಿಷ್ಣು ಆದ ಮೇಲೆ ಅತ್ಯಂತ ಆಸೆಪಟ್ಟ ಕೂದಲು ಶಂಕರ್‌ನಾಗ್ ಅವರದ್ದು. ಆ ಗುಂಗುರು, ಆ ಅಲ್ಲಾಟ. 1978ರ ‘ಒಂದಾನೊಂದು ಕಾಲದಲ್ಲಿ’, 1980ರ ‘ಮಿಂಚಿನ ಓಟ’, ‘ಆಟೋ ರಾಜ’. ಆಟೋದವರು ಇವತ್ತಿಗೂ ಗಾಡಿಯ ಮೇಲೆ ಬರೆಸುವ ಚಿತ್ರದಲ್ಲಿ ಆ ಕೂದಲು ಹಾಗೇ ಇದೆ. ಅದು ವಿಗ್ಗಲ್ಲ, ಫ್ಯಾನಲ್ಲ. ಹುಟ್ಟಾ ಬಂದ ಸಂಪತ್ತು.

1990ರ ಸೆಪ್ಟೆಂಬರ್ 30. ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆಂದು ಲೋಕಾಪುರಕ್ಕೆ ಹೊರಟಿದ್ದ ಶಂಕ್ರಣ್ಣನ ಕಾರು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತಕ್ಕೆ ಸಿಕ್ಕಿತು. ಭೀಮಸಮುದ್ರದವರಿಗೆ ಅದು ದೂರದ ಜಾಗವಲ್ಲ. ದಾವಣಗೆರೆಗೆ ಅಡಿಕೆ ಲೆಕ್ಕಕ್ಕೋ, ಆಸ್ಪತ್ರೆಗೋ, ಸಿನಿಮಾಕ್ಕೋ ಹೋಗುವವರು ಆ ಹೆಸರು ಕಂಡರೆ ಈಗಲೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ಶಂಕ್ರಣ್ಣ ಹುಟ್ಟಿದ್ದು 1954ರ ನವೆಂಬರ್‌ನಲ್ಲಿ. ಇನ್ನೂ 36 ತುಂಬಿರಲಿಲ್ಲ. ಅಷ್ಟರೊಳಗೆ ನಟನೆ, ನಾಟಕ, ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’, ಸ್ಟುಡಿಯೋ, ಮೆಟ್ರೋ ರೈಲಿನ ಕನಸು. ಕನ್ನಡಿ ಮುಂದೆ ನಿಲ್ಲಲು ಆ ಮನುಷ್ಯನಿಗೆ ಪುರುಸೊತ್ತೇ ಇರಲಿಲ್ಲ.

ಆ ಕೂದಲಿಗೆ ನರೆಯಲು, ಉದುರಲು ಕಾಲವೇ ಸಿಗಲಿಲ್ಲ ನೋಡಿ. ನರೆತ ಶಂಕ್ರಣ್ಣ, ಬಕ್ಕತಲೆಯ ಶಂಕ್ರಣ್ಣ ಎಪ್ಪತ್ತರ ಹೊತ್ತಿಗೆ ಇನ್ನೊಂದು ಚಿತ್ರ ಮಾಡಿದ್ದರೆ ಮೊದಲ ದಿನದ ಮೊದಲ ಆಟಕ್ಕೆ ನಾವು ಯಾರೂ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲವೇ? ಬೆಳಗಿನ ಬಸ್ಸಿಗೇ ಹೊರಡುತ್ತಿದ್ದೆವು. ಕಿಟಕಿಯ ಗಾಜು ತೆಗೆದುಕೊಂಡೇ!